ಒಣ ಸಿಗಡಿ ಹಿಡಿದು ಶಾಲೆಗೆ ಹೋದದ್ದು

ಮೊಮ್ಮಗಳು ನನಗೆ ಶಾಲೆಯ ಸುದ್ದಿ ಹೇಳುವುದನ್ನು ನಿಲ್ಲಿಸಿ ಒಂದೂವರೆ ವರ್ಷವಾಯಿತು. ತಪ್ಪು ನನ್ನದೇ.

ನಮ್ಮದು ಹೊನ್ನಾವರದ ಪಕ್ಕದ ಕಾಸರಕೋಡ. ಮಗ ಬೋಟಿಗೆ ಹೋಗುತ್ತಾನೆ, ಸೊಸೆ ಬಂದರಿಗೆ ಮೀನು ಆರಿಸಲು ಹೋಗುತ್ತಾಳೆ, ನಾನು ಮೀನು ಒಣಗಿಸುತ್ತೇನೆ. ಹಾಗಾಗಿ ಮಗು ಸಣ್ಣದಿರುವಾಗಿನಿಂದ ನನ್ನ ಹತ್ತಿರವೇ ಬೆಳೆಯಿತು. ಹೊನ್ನಾವರದಲ್ಲಿ ಅವಳ ಶಾಲೆ. ನಮ್ಮ ಕೇರಿಯಿಂದ ಆ ಶಾಲೆಗೆ ಹೋಗುವವಳು ಅವಳೊಬ್ಬಳೇ. ಬಸ್ಸಿಳಿದವಳು ಚೀಲವನ್ನೂ ಇಡದೆ ಮೀನು ಹರಡಿದಲ್ಲಿಗೆ ಓಡಿ ಬರುತ್ತಿದ್ದಳು. ನಾನು ಮೀನು ಮಗುಚಬೇಕು, ಅವಳು ಕಾಗೆ ಓಡಿಸಬೇಕು. ಕೋಲು ಬೀಸುತ್ತಲೇ ಅಂದಿನದೆಲ್ಲ ಹೇಳುವಳು: ಯಾರ ಪೆನ್ಸಿಲ್ ಯಾರು ಕದ್ದರು, ಅಕ್ಕೋರು ಯಾರಿಗೆ ಬೈದರು. ನಾನು ಅರ್ಧ ಕೇಳುತ್ತಿದ್ದೆ, ಅರ್ಧ ಬಿಡುತ್ತಿದ್ದೆ. ಆ ಬಿಟ್ಟ ಅರ್ಧ ಈಗ ಬೇಕು ಅನಿಸುತ್ತದೆ.

ಐದನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಕೋಲು ಎತ್ತದೆ ನಿಂತಳು.

“ಅಜ್ಜಿ, ನನ್ನ ಬೆಂಚಲ್ಲಿ ಯಾರೂ ಕೂರೂದಿಲ್ಲ.”

“ಎಂತಕ್ಕೆ?”

“ಒಣಮೀನ್ ಬಂತು, ಮೂಗ್ ಮುಚ್ಕಣಿ ಹೇಳಿ ನಗಾಡ್ತ್ರು.”

ನನಗೆ ನಗು ಬಂತು. “ಮೀನಿನ ಮನೆ ಹೆಣ್ಣು ಮೀನ್ ನಾರದೆ ಮಲ್ಲಿಗೆ ನಾರ್ತದ? ಹೋಗ್, ಕಾಗೆ ನೋಡು.”

ಅವಳು ಕಾಗೆ ಓಡಿಸಿದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಆಮೇಲೆ ಶಾಲೆಯಿಂದ ಬಂದವಳು ಸೀದಾ ಬಚ್ಚಲಿಗೆ ಹೋಗತೊಡಗಿದಳು. ಯೂನಿಫಾರ್ಮನ್ನು ಮೀನು ಒಣಗುವ ಕಡೆಯ ಹಗ್ಗಕ್ಕೆ ಹಾಕಲು ಬಿಡುತ್ತಿರಲಿಲ್ಲ. ಪೌಡರ್ ಡಬ್ಬಿ ವಾರಕ್ಕೊಂದು ಖಾಲಿ ಎಂದು ಸೊಸೆ ಗೊಣಗಿದಳು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆ. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಶಾಲೆಯೊಳಗೆ ಏನು ನಡೆಯುತ್ತದೆಂದು ನನಗೇನು ಗೊತ್ತು?

ಒಂದು ದಿನ ಅಕ್ಕೋರು ಫೋನ್ ಮಾಡಿ, ಮನೆಯವರು ಯಾರಾದರೂ ಬನ್ನಿ ಎಂದರು. ಅಂದು ಬಿಡುವಿದ್ದದ್ದು ನನಗೆ ಮಾತ್ರ. ಕಲಿಸುವವರ ಮುಂದೆ ಬರಿಗೈಯಲ್ಲಿ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಒಳ್ಳೆಯ ಒಣ ಸಿಗಡಿ ಆರಿಸಿ, ತಲೆ ತೆಗೆದು, ಎರಡು ಸುತ್ತು ಪೇಪರಿನಲ್ಲಿ ಕಟ್ಟಿಕೊಂಡು ಸೀದಾ ಕ್ಲಾಸಿನ ಬಾಗಿಲಿಗೇ ಹೋದೆ.

ಮಕ್ಕಳೆಲ್ಲ ಮೂಗು ಹಿಡಿದರು. ಹಿಂದಿನಿಂದ ಯಾರೋ “ಉಫ್” ಎಂದರು. ಕೊನೆಯ ಬೆಂಚಿನಲ್ಲಿ ನನ್ನ ಮಗು ಒಂದೇ ಕೂತಿತ್ತು. ನನ್ನನ್ನು ನೋಡಿದ್ದೇ ತಲೆಯನ್ನು ಬೆಂಚಿಗೆ ಹಚ್ಚಿತು. ನಾನು ಅಂದು ಎಂಥ ಮಾತಿಗೆ ನಕ್ಕಿದ್ದೆ ಎಂಬುದು ಆಗ ತಿಳಿಯಿತು.

ಅಕ್ಕೋರು ಪೊಟ್ಟಣ ತೆಗೆದುಕೊಂಡು ನನ್ನನ್ನು ಜಗಲಿಗೆ ಕರೆದರು.

“ಅಜ್ಜಿ, ಮೂರು ತಿಂಗಳಿಂದ ಒಬ್ಬಳೇ ಊಟ ಮಾಡ್ತಾಳೆ. ಮನೇಲಿ ಹೇಳಲಿಲ್ವಾ?”

“ಹೇಳಿದ್ಳು. ನಾನೇ ನಗಾಡ್ದೆ.”

ಅಕ್ಕೋರು ಸುಮ್ಮನೆ ಕೂರುವವರಲ್ಲ. ಬೆಂಚು ಬದಲಿಸಿದರು. ಕಾಡಿಸಿದವರನ್ನು ಒಬ್ಬೊಬ್ಬರನ್ನೇ ಕರೆದು ಮಾತಾಡಿದರು, ಅವರ ತಂದೆತಾಯಿಯರನ್ನೂ ಕರೆಸಿದರು. ಎಷ್ಟೋ ದಿನ ಮಕ್ಕಳ ನಡುವೆಯೇ ಕೂತು ಊಟ ಮಾಡಿದರು. ಈಗ ಇವಳಿಗೆ ಇಬ್ಬರು ಗೆಳತಿಯರಿದ್ದಾರೆ. ಫೋನಿನಲ್ಲಿ ಅವರೊಡನೆ ನಗುವುದು ಗೋಡೆಯಾಚೆಯಿಂದ ನನಗೆ ಕೇಳುತ್ತದೆ. ಎಂತಕ್ಕೆ ನಗುತ್ತಾಳೋ ಗೊತ್ತಾಗುವುದಿಲ್ಲ.

“ಇವತ್ತು ಎಂತ ಆತು ಮಗಾ?”

“ಎಂತದೂ ಇಲ್ಲ ಅಜ್ಜಿ.”

ಸಿಟ್ಟಿನಿಂದಲ್ಲ. ನೀರು ಕೇಳಿದರೆ ತಂದು ಕೊಡುತ್ತಾಳೆ, ಮಾತ್ರೆ ನೆನಪು ಮಾಡುತ್ತಾಳೆ. “ಅವತ್ತು ನಾ ನಗಾಡಿದ್ದು ತಪ್ಪಾತು” ಎಂದು ಒಮ್ಮೆ ಹೇಳಿದೆ. “ಇರ್ಲಿ ಬಿಡು” ಎಂದಳು, ಮುದುಕಿಯ ಹಾಗೆ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಜಡೆ ಹಾಕುವಾಗ ಅವಳಾಗಿಯೇ, “ನಮ್ಮ ಕ್ಲಾಸಿಗೆ ಹೊಸ ಹುಡುಗಿ ಬಂದಿದ್ಳು” ಎಂದಳು. ನಾನು ಬಾಯಿ ಬಿಡಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಮುಂದೇನೂ ಬರಲಿಲ್ಲ. ಜಡೆ ಮುಗಿಯಿತು.

“ತಡಿ, ಸಡ್ಲ ಆತು” ಎಂದು ಸುಳ್ಳು ಹೇಳಿ, ಬಿಚ್ಚಿ, ಮೊದಲಿನಿಂದ ಹಾಕತೊಡಗಿದೆ.