ಸುದ್ದಿಗೆ ಮೊದಲೇ ಆದ ಸ್ನಾನ

ಸಾವಿನ ಮುನ್ಸೂಚನೆ ಸಿಕ್ಕಿತು, ಕನಸಿನಲ್ಲಿ ಬಂದು ಹೇಳಿದರು ಎನ್ನುವವರನ್ನು ಕಂಡರೆ ನನಗೆ ಮೈಯುರಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಅಂಥ ಮಾತಿಗೆ ರೂಲರಿನಲ್ಲಿ ಹೊಡೆಯುತ್ತಿದ್ದರು. ಆದರೂ ಹೋದ ವರ್ಷ ನಡೆದದ್ದನ್ನು ಬರೆಯುತ್ತೇನೆ. ನಂಬಿ ಎಂದು ಕೇಳುವುದಿಲ್ಲ.

ನನ್ನ ಅಣ್ಣ ರಾಯಪುರಂನಲ್ಲಿದ್ದ, ಫಿಸಿಕ್ಸ್ ಲೆಕ್ಚರರ್ ಆಗಿ ರಿಟೈರ್ ಆದವನು. ವರ್ಷಗಳ ಹಿಂದೆ ನನ್ನ ಗಂಡನ ತಿಥಿಯ ಊಟಕ್ಕೆ ಕೂತು ಗಾಮಾ ಕಿರಣಗಳ ಸ್ಫೋಟದ ಮಾತು ತೆಗೆದ. ಆಕಾಶದ ಯಾವುದೋ ಮೂಲೆಯಿಂದ ಕೆಲವು ಸೆಕೆಂಡು ಕಣ್ಣಿಗೆ ಕಾಣದ ಕಿರಣ ಬರುತ್ತದಂತೆ, ಉಪಗ್ರಹಗಳು ಹಿಡಿಯುತ್ತವಂತೆ. ಎಷ್ಟೋ ಸಲ, ಒಂದೆರಡು ವಾರದ ಮೇಲೆ ಅದೇ ಜಾಗದಲ್ಲಿ ಸೂಪರ್‌ನೋವಾದ ಬೆಳಕು ಏರುತ್ತದೆ. ಸತ್ತದ್ದು ಒಂದು ದೊಡ್ಡ ನಕ್ಷತ್ರ ಎಂದು ಆಗ ಖಾತ್ರಿ.

“ಹಾಗಾದ್ರೆ ಸಾವಿಗೂ ಅಡ್ವಾನ್ಸ್ ನೋಟೀಸ್ ಇದೆ ಅನ್ನು,” ಎಂದು ನಕ್ಕೆ.

“ನೋಟೀಸಲ್ಲ ಕಣೇ, ಸತ್ತ ಗಳಿಗೆಯೇ ಅದು. ನಮಗೆ ಗೊತ್ತಾಗೋದು ತಡ. ಕಾನ್ವೆಂಟ್ ಗಿಳಿ ನೀನು, ನಿನ್ನ ತಲೆಗೆಲ್ಲಿ ಹೋಗ್ಬೇಕು!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು, ನನ್ನ ಗಂಡನ ತಿಥಿಯ ದಿನ. ಅವತ್ತಿಂದ ಮಾತು ಬಿಟ್ಟೆ. ಹತ್ತು ವರ್ಷ. ಅವನೂ ಮೊಂಡ, ಒಂದು ಫೋನ್ ಮಾಡಲಿಲ್ಲ.

ಹೋದ ವರ್ಷ ಒಂದು ಮಂಗಳವಾರ, ಅದೇ ಊರಿನ ಮಾಧವರಂನ ನಮ್ಮ ಮನೆ. ಸಂಜೆ ನಾಲ್ಕು ಗಂಟೆ. ವಾರಗಿತ್ತಿ ಪದ್ಮಾ ಕಾಫಿಗೆ ಹಾಲಿಟ್ಟಿದ್ದಳು, ನಾನು ಕೊತ್ತಂಬರಿ ಬಿಡಿಸುತ್ತಿದ್ದೆ. ಕಣ್ಣೊಳಗೆ ಫಳ್ ಎಂದು ಬೆಳ್ಳಗೆ ಏನೋ ಹೊಡೆಯಿತು, ಅಷ್ಟೇ. ಎದ್ದು ಹೋಗಿ, ಸಾವಿನ ಸುದ್ದಿ ಕೇಳಿದಾಗ ಮಾಡುತ್ತೇವಲ್ಲ, ಹಾಗೆ ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡೆ. ಯಾಕೆಂದು ದೇವರಾಣೆಗೂ ಗೊತ್ತಿಲ್ಲ.

“ಕಡವುಳೇ, ದೇವರೇ! ಯಾರಕ್ಕಾ ಹೋದ್ರು? ನಿಮ್ಮಣ್ಣನ ನಕ್ಷತ್ರವಾ?” ಎಂದಳು ಪದ್ಮಾ. ಅವಳ ನಾಲಿಗೆಯೇ ಹಾಗೆ.

ಹನ್ನೆರಡು ದಿನದ ಮೇಲೆ ಅಣ್ಣನ ಸೊಸೆಯ ಫೋನ್. ಮಾವ ಹೋದರು, ಆ ಮಂಗಳವಾರ, ನಾಲ್ಕು ಗಂಟೆಗೆ. “ನಿಮಗೆ ತಿಳಿಸ್ಬಾರದು ಅಂತ ಅವರೇ ಹೇಳಿದ್ರು, ಅತ್ತೆ.”

ಮದುವೆಯಾದ ತಂಗಿಗೆ ಅಣ್ಣನ ಸೂತಕ ಮೂರೇ ದಿನ. ಅದೂ ಕಳೆದಿತ್ತು. ಇನ್ನು ನನಗೆ ಉಳಿದದ್ದು ಒಂದು ಸ್ನಾನ. ಬಚ್ಚಲಿಗೆ ಹೊರಟವಳನ್ನು ಪದ್ಮಾ ತಡೆದಳು. “ನಿಮ್ದು ಅವತ್ತೇ ಆಯ್ತಲ್ಲಕ್ಕಾ. ಗೀಸರ್ ಹಾಕ್ಬೇಡಿ.”

ಆದರೂ ಬಚ್ಚಲಿಗೆ ಹೋಗಿ ಚೊಂಬು ತುಂಬಿದೆ. ನೀರು ಸುರಿದುಕೊಳ್ಳಲಿಲ್ಲ.

ಕೋಇನ್ಸಿಡೆನ್ಸ್ ಎನ್ನುತ್ತಾರೆ ಎಲ್ಲರೂ. ಇರಬಹುದು. ಇದನ್ನು ನನಗೆ ಬಿಡಿಸಿ ಹೇಳಬಲ್ಲವನು ಅಣ್ಣನೊಬ್ಬನೇ. ನಾವು ಮಾತು ಬಿಟ್ಟಿದ್ದೇವೆ.