ಸಂಸೆಯ ಭಾನುವಾರದ ಮಳೆ

ಸಮ್ಮೇಳನಗಳಲ್ಲಿ ಕೊರಳಿಗೆ ನೇತುಹಾಕುವ ಹೆಸರಿನ ಚೀಟಿಗೆ ಎರಡು ಮುಖಗಳಿದ್ದರೂ ಅದು ಲೋಕಕ್ಕೆ ತೋರಿಸುವುದು ಖಾಲಿ ಮುಖವನ್ನೇ ಎಂಬುದು ನನ್ನ ಬಹುಕಾಲದ ಸಂಕಟ. ಸಂಭವನೀಯತೆಯ ಪ್ರಕಾರ ಅರ್ಧದಷ್ಟು ಸಲವಾದರೂ ಹೆಸರು ಕಾಣಬೇಕು. ಮೂಡಿಗೆರೆಯ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುವ ನನಗೆ ಮಾತ್ರ ಆ ನಿಯಮ ಅನ್ವಯಿಸುವುದಿಲ್ಲ. ಚಿಕ್ಕಮಗಳೂರಿನ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಂತೂ ಅದನ್ನು ತಿರುಗಿಸಿ ತಿರುಗಿಸಿ ಸಾಕಾಗಿಹೋಯಿತು.

ಇಂಥ ಸಮ್ಮೇಳನ ರೋಮಾಂಚಕ ಎಂದರೆ ನೀವು ನಗುತ್ತೀರಿ, ನನ್ನ ಹೆಂಡತಿಯೂ ನಗುತ್ತಾಳೆ. ಕಾಫಿಯ ಸೀಮೆಯಲ್ಲಿ ಕುಳಿತು ನೀರು ಚಹಾ ಕುಡಿಯಬೇಕು, ಪ್ರೊಜೆಕ್ಟರಿನ ಮುನಿಸು ಸಹಿಸಬೇಕು, ಸ್ವಾಗತ ಭಾಷಣವೇ ನಮ್ಮ ಪಾಲಿನ ಸಮಯವನ್ನು ನುಂಗುವುದನ್ನು ಕೈಕಟ್ಟಿ ನೋಡಬೇಕು. ಆದರೂ ಅಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸಂಸೆಯ ಒಂದು ಎಸ್ಟೇಟಿನ ದಿನವಹಿ ಮಳೆ ಲೆಕ್ಕದ ಪುಸ್ತಕಗಳನ್ನು ಮೂರು ವರ್ಷ ಜಾಲಾಡಿ, ಅಲ್ಲಿ ಭಾನುವಾರ ಮಳೆಯೇ ಬೀಳುವುದಿಲ್ಲ, ಸೋಮವಾರ ದುಪ್ಪಟ್ಟು ಬೀಳುತ್ತದೆ ಎಂಬ ಅಪೂರ್ವ ಸತ್ಯವನ್ನು ಕಂಡುಹಿಡಿದಿದ್ದೆ. ವಿದ್ವಾಂಸರೆದುರು ನನ್ನ ಮಾನ ಉಳಿಯುವುದೋ ಹೋಗುವುದೋ ಅಂದೇ ತೀರ್ಮಾನವಾಗಬೇಕಿತ್ತು.

ಪ್ರಬಂಧ ಮುಗಿಸಿದೆ, ಚಪ್ಪಾಳೆಯೂ ಬಿತ್ತು. ಆಗ ಕೊನೆಯ ಸಾಲಿನಲ್ಲಿ ಒಬ್ಬರು ಎದ್ದು ನಿಂತರು: ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು, ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕಕ್ಕೆ ಬರೆಯುತ್ತಿದ್ದ ಹಸನಬ್ಬನವರು. ಪುಸ್ತಕ ಕೊಡಿಸಿದ ಉಪಕಾರಕ್ಕೆ ಒಂದು ಊಟವಾಗಲಿ ಎಂದು ನಾನೇ ಕರೆತಂದಿದ್ದೆ.

“ಭಾನುವಾರ ನಂಗೆ ರಜೆ ಅಲ್ವಾ ಸಾರ್? ಎರಡು ದಿನದ್ದು ಸೇರಿಸಿ ಸೋಮವಾರ ಅಳೀತಿದ್ದೆ. ಭಾನುವಾರದ ಜಾಗ ನಾನು ಖಾಲಿ ಬಿಟ್ಟದ್ದು, ಸೊನ್ನೆ ಹಾಕಿದ್ದು ನೀವು. ನಮ್ಮ ಸಂಸೇಲಿ ಮಳೆ ರಜೆ ಮಾಡ್ತದಾ ಮಾರಾಯ್ರೆ?”

ಸಭೆ ಗೊಳ್ಳೆಂದಿತು. ನನಗೆ ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ. ಮೂರು ವರ್ಷ ಅವರ ಮನೆಯ ಕಾಫಿ ಕುಡಿದೂ ಭಾನುವಾರ ಏನು ಮಾಡುತ್ತಿದ್ದಿರಿ ಎಂದು ಒಮ್ಮೆಯೂ ಕೇಳದ ನನ್ನ ಪಾಂಡಿತ್ಯದ ಮೇಲೆ. ಆದರೆ ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಎಲ್ಲರೂ ಹಸನಬ್ಬನವರನ್ನು ಮುತ್ತಿಕೊಂಡು, ಮಳೆಮಾಪಕ ತುಂಬಿ ಚೆಲ್ಲಿದರೆ ಏನು ಬರೆಯುತ್ತಿದ್ದಿರಿ, ಜ್ವರ ಬಂದ ದಿನ ಯಾರು ಅಳೆಯುತ್ತಿದ್ದರು ಎಂದು ಕೇಳತೊಡಗಿದರು. ಅವಮಾನದ ನಡುವೆಯೂ ನಾನು ಕಿವಿ ನಿಮಿರಿಸಿ ಕೇಳಿದೆ. ರೋಮಾಂಚನ ಎಂದದ್ದು ಇದಕ್ಕೇ.

ದೂರದಿಂದ ಬಂದವರೊಬ್ಬರು ಇವರ ಹೆಸರೇನೆಂದು ವಿಚಾರಿಸಿದಾಗಲೇ ಅವರ ಕೊರಳು ಬರಿದಾಗಿರುವುದು ಕಂಡಿತು. ಅವರಿಗೊಂದು ಚೀಟಿ ಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನನ್ನದನ್ನು ಕಳಚಿ, ಖಾಲಿ ಮುಖದ ಮೇಲೆ ‘ಹಸನಬ್ಬ, ಮಳೆ ಅಳೆದವರು’ ಎಂದು ಬರೆದು ಅವರಿಗೆ ಹಾಕಿದೆ. ಹಾಳು ಚೀಟಿ ಹಳೆಯ ಚಾಳಿ ಬಿಡದೆ ಸಂಜೆಯವರೆಗೂ ಆ ಮುಖವನ್ನೇ ತೋರಿಸಿತು. ನಾನು ತಿರುಗಿಸಲು ಹೋಗಲಿಲ್ಲ.