ಗಾಯಕಿಯ ಉಸಿರು ಕೇಳಲು ಕೂತಾಗ

ಮಿತ್ರರೇ, ಇವತ್ತು ಹೊಸ ಸ್ಪೀಕರಿನಲ್ಲಿ ಒಬ್ಬ ಜಾಝ್ ಗಾಯಕಿಯ ಆಲ್ಬಮ್ ಹಾಕಿದ್ದೆ. ರೆಕಾರ್ಡಿಂಗ್ ಎಷ್ಟು ಚೊಕ್ಕವೆಂದರೆ, ಸಾಲುಗಳ ನಡುವೆ ಆಕೆ ಉಸಿರೆಳೆಯುವುದೂ ಕೇಳುತ್ತದೆ. ಅದಕ್ಕೆಂದೇ ಮನೆಯ ಫ್ಯಾನು, ಮಿಕ್ಸರ್ ಎಲ್ಲ ಬಂದ್ ಮಾಡಿಸಿದ್ದೆ.

ಭಾವ ತೀರಿಕೊಂಡ ಮೇಲೆ ಬೀದರಿನಿಂದ ನಾಸಿಕ್ ಬಳಿಯ ದೇವಳಾಲಿಗೆ, ನಮ್ಮ ಮನೆಗೇ ಬಂದಿರುವ ಅಕ್ಕ ಪಕ್ಕದಲ್ಲಿ ಮೆಂತೆ ಪಲ್ಯೆಯ ಎಲೆ ಬಿಡಿಸಿ ಸೋಸುತ್ತಿದ್ದಳು. ಹಾಡಿನ ಮಾತು ತಿಳಿಯದಿದ್ದರೂ ರಾಗ ಹಿಡಿದು ಮೆಲ್ಲಗೆ ದನಿ ಸೇರಿಸಿದಳು.

"ಅಕ್ಕಾ, ಜರಾ ಸುಮ್ಕ ಕೂಡು. ಆಕಿ ಉಸಿರು ಕೇಳವಲ್ದು," ಎಂದೆ. ಹಾಡು ನಿಲ್ಲಿಸಿ ಮತ್ತೆ ಪಲ್ಯೆಗೆ ಕೈಹಾಕಿದಳು.

ಆಮೇಲೆ ಹೆಂಡತಿ ಒಳಗೆ ಕರೆದು ಹೇಳಿದಳು: "ಇಲ್ಲಿಗಿ ಬಂದ ಮ್ಯಾಲ ಅಕ್ಕಾರು ಇವತ್ತೇ ಹಾಡಿದ್ದು ನೋಡ್ರಿ."

ಅದೇ ಹಾಡನ್ನು ಮತ್ತೆ ಹಾಕಿ, "ಹಾಡಕ್ಕಾ," ಎಂದೆ.

"ಬ್ಯಾಡಪಾ, ಆಕೀನೇ ಛಂದ ಹಾಡ್ತಾಳ."

ಸಾವಿರಾರು ಮೈಲಿ ಆಚೆಯವಳ ಉಸಿರು ಹಿಡಿಯುವ ನನ್ನ ಕಿವಿಗೆ, ಪಕ್ಕದಲ್ಲಿದ್ದ ಅಕ್ಕನ ಹಾಡು ಗದ್ದಲವಾಗಿ ಕೇಳಿತ್ತು.